ಹಡಗಿನ ಗಡಿಯಾರ

ಸಂಘದ ಕೂಟಗಳಲ್ಲಿ ನಮ್ಮನ್ನು ಕಂಡವರು ಈಚೆಗೆ ಯೋಗಕ್ಷೇಮಕ್ಕಿಂತ ಮೊದಲು ಹಡಗಿನ ಸಮಾಚಾರ ವಿಚಾರಿಸುತ್ತಾರೆ. ಹೊಟ್ಟೆ ತೊಳಸುವುದಿಲ್ಲವೆ, ಸಸ್ಯಾಹಾರಿಗಳಿಗೆ ತಿನ್ನಲು ಏನಾದರೂ ಸಿಗುತ್ತದೆಯೆ, ಒಬ್ಬೊಬ್ಬರಿಗೆ ಎಷ್ಟು ಬಿತ್ತು, ಈ ಮೂರು ಪ್ರಶ್ನೆಗಳು ತಪ್ಪಿದ್ದಲ್ಲ. ಯುಗಾದಿಯಲ್ಲಿ ಒಬ್ಬರಿಗೆ ಹೇಳಿದ್ದನ್ನೇ ನಾಡಹಬ್ಬದಲ್ಲಿ ಇನ್ನೊಬ್ಬರಿಗೆ ಹೇಳಿ ಹೇಳಿ ನಮಗೂ ಬೇಸರವಾಯಿತು, ಕೇಳುವವರ ಮುಖದಲ್ಲೂ ಅದು ಕಾಣತೊಡಗಿತು. ಎಲ್ಲವನ್ನೂ ಒಮ್ಮೆ ಬರೆದು ಮುಗಿಸಿಬಿಡೋಣವೆಂದು ಕುಳಿತಿದ್ದೇವೆ.

ನಾವು ಗಂಡಹೆಂಡಿರು 2019ರಿಂದ ಈಚೆಗೆ ಐದು ಸಲ ವಿಹಾರದ ಹಡಗು ಹತ್ತಿ ಇಳಿದಿದ್ದೇವೆ: ಸಿಂಗಪುರದಿಂದ ಒಂದು ಸಲ, ಮುಂಬಯಿಯಿಂದ ಎರಡು ಸಲ, ಭೂಮಧ್ಯ ಸಮುದ್ರದಲ್ಲಿ ಒಂದು ಸಲ, ಅಲಾಸ್ಕದ ಕಡೆಗೆ ಒಂದು ಸಲ. ಇಷ್ಟರಿಂದ ನಾವು ಶ್ರೀಮಂತರೆಂದು ಯಾರೂ ತಿಳಿಯಬೇಕಾಗಿಲ್ಲ. ಅಲಾಸ್ಕದ ಖರ್ಚು ಮಕ್ಕಳದು. ಉಳಿದುದು ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಹಣದ ಬಡ್ಡಿ. ಬರೆಯುವ ಕೈ ಒಂದಾದರೂ ಪಕ್ಕದಲ್ಲಿ ಕುಳಿತು ತಿದ್ದುವ ಬಾಯಿ ಇನ್ನೊಂದಿದೆ, ಆದ್ದರಿಂದ ‘ನಾವು’. ಪೆದ್ದತನದ ಪ್ರಸಂಗ ಬಂದಲ್ಲಿ ‘ನಮ್ಮಲ್ಲೊಬ್ಬರು’ ಎಂದು ಮಾತ್ರ ಬರೆಯತಕ್ಕದ್ದೆಂದು ಒಪ್ಪಂದವಾಗಿದೆ. ಯಾರೆಂದು ವಾಚಕರು ಕೇಳಬಾರದು.

ಮೊದಲು ಹೋಗುವವರು ದೂರದ ಸಮುದ್ರಕ್ಕೆ ಹಾರದೆ ಎರಡು ಮೂರು ರಾತ್ರಿಯ ಸಣ್ಣ ಪ್ರಯಾಣ ಮಾಡಿ ನೋಡುವುದು ಒಳ್ಳೆಯದು. ಸಮುದ್ರ ತಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಮುಂಬಯಿಯಿಂದ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಇಂಥ ಪ್ರಯಾಣಗಳಿವೆ; 2022ರ ಜೂನಿನಲ್ಲಿ ಚೆನ್ನೈಯಿಂದಲೂ ಹಡಗು ಹೊರಟಿತು. ಮುಂಬಯಿಯ ಹೊಸ ಕ್ರೂಜ್ ನಿಲ್ದಾಣ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ನಾವು ಈ ಉಪದೇಶ ಮಾಡುತ್ತಿದ್ದರೂ ನಾವೇ ಹಾಗೆ ಮಾಡಲಿಲ್ಲ. ಮೊದಲನೆಯ ಸಲಕ್ಕೇ ಸಿಂಗಪುರಕ್ಕೆ ಹೋಗಿ, ಎಂಬತ್ತು ದಾಟಿದ ಅಮ್ಮನನ್ನೂ ಕರೆದುಕೊಂಡು ಹೋದೆವು. ಅದರ ಕಥೆ ಮುಂದೆ ಬರುತ್ತದೆ.

ಹೊಟ್ಟೆ ತೊಳಸುವ ಪ್ರಶ್ನೆಗೆ ಉತ್ತರ: ತೊಳಸಬಹುದು, ಆದರೆ ಹೆದರಿದಷ್ಟಿಲ್ಲ. ಈ ದೊಡ್ಡ ಹಡಗುಗಳ ಎರಡು ಮಗ್ಗುಲಲ್ಲಿ ನೀರಿನೊಳಗೆ ಮೀನಿನ ರೆಕ್ಕೆಗಳಂಥ ಹಲಗೆಗಳಿದ್ದು, ಅವು ಹೊರಳಾಟವನ್ನು ಬಹುಮಟ್ಟಿಗೆ ತಡೆಯುತ್ತವೆ. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಹಿಡಿಯಿರಿ. ಏಣಾಟವಾಡುವ ಹಲಗೆಯ ನಡುವೆ ಕುಳಿತ ಮಗುವಿಗೆ ಏರಿಳಿತ ತಿಳಿಯದ ಹಾಗೆಯೇ ಇದು. ಜನ ಹೆಚ್ಚು ದುಡ್ಡು ಕೊಟ್ಟು ಮೇಲಿನ ಅಂತಸ್ತಿನ ಮುಂಭಾಗವನ್ನು ಹಿಡಿಯುತ್ತಾರೆ, ಆಮೇಲೆ ಎರಡು ದಿನ ಮಲಗಿಕೊಂಡೇ ಇರುತ್ತಾರೆ. ಹೊಟ್ಟೆ ಖಾಲಿ ಇಡಬಾರದು. ಒಂದಿಷ್ಟು ಹಸಿಶುಂಠಿ, ಒಣ ಬಿಸ್ಕೀಟು ಹತ್ತಿರವಿರಲಿ. ಡಾಕ್ಟರನ್ನು ಕೇಳಿ ಗುಳಿಗೆ ತೆಗೆದುಕೊಳ್ಳುವವರು ತೊಳಸುವುದಕ್ಕೆ ಮೊದಲೇ ತೆಗೆದುಕೊಳ್ಳಬೇಕು, ಆಮೇಲಲ್ಲ.

ಬಾಲ್ಕನಿಯ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿದ್ದು, ಅದು ಅಲಾಸ್ಕದಲ್ಲಿ ಬಗೆಹರಿಯಿತು. ಅಲ್ಲಿ ಬಾಲ್ಕನಿ ಇರಬೇಕು. ಗ್ಲೇಸಿಯರ್ ಬೇ ಎಂಬಲ್ಲಿ ಹಡಗು ಯಾವ ಬಂದರಿಗೂ ಹೋಗದೆ ಇಡೀ ದಿನ ಹಿಮನದಿಗಳ ಮುಂದೆ ನಿಧಾನವಾಗಿ ಓಡಾಡುತ್ತದೆ. ರಾಷ್ಟ್ರೀಯ ಉದ್ಯಾನದ ಕಾವಲಿನವರು ಹಡಗು ಹತ್ತಿ ವಿವರಣೆ ಕೊಡುತ್ತಾರೆ. ಎಡಮಗ್ಗುಲಿನ ಕೋಣೆ ಒಳ್ಳೆಯದೋ ಬಲಮಗ್ಗುಲಿನದೋ ಎಂದು ನಾವು ಎರಡು ತಿಂಗಳು ಚರ್ಚಿಸಿದ್ದೆವು. ಕಪ್ತಾನನು ಹಿಮದ ಗೋಡೆಯ ಎದುರು ಹಡಗನ್ನು ನಿಲ್ಲಿಸಿ, ದೇವರ ಮುಂದೆ ಆರತಿ ಎತ್ತಿದ ಹಾಗೆ ನಿಧಾನವಾಗಿ ಇಡೀ ಒಂದು ಸುತ್ತು ತಿರುಗಿಸಿದ. ಎರಡು ತಿಂಗಳ ಚರ್ಚೆ ವ್ಯರ್ಥವಾಯಿತು. ಆದರೆ ಸಿಂಗಪುರ, ಗೋವೆಗಳ ಬಿಸಿಲಿಗೆ ಬಾಲ್ಕನಿ ದಂಡ. ಹಗಲೆಲ್ಲ ಹೊರಗೇ ಇರುತ್ತೀರಿ. ಮಲಗುವುದಕ್ಕೆ ಕಿಟಕಿಯಿಲ್ಲದ ಒಳಕೋಣೆ ಧಾರಾಳವಾಗಿ ಸಾಕು. ಬೆಳಗಾದದ್ದು ಅಲ್ಲಿ ತಿಳಿಯುವುದಿಲ್ಲವೆಂಬ ಒಂದು ಕಷ್ಟ ಉಂಟು. ಅದಕ್ಕೆ ಉಪಾಯ: ಹಡಗಿನ ಮೂತಿಯ ಕೆಮರಾದ ಚಿತ್ರ ತೋರಿಸುವ ಚಾನೆಲು ಅನೇಕ ಹಡಗುಗಳ ಟೀವಿಯಲ್ಲಿರುತ್ತದೆ. ರಾತ್ರಿ ಅದನ್ನು ಸದ್ದಿಲ್ಲದೆ ಹಚ್ಚಿಟ್ಟು ಮಲಗಿದರೆ ಸೂರ್ಯ ಹುಟ್ಟಿದಾಗ ಕೋಣೆಯಲ್ಲೂ ಬೆಳಗಾಗುತ್ತದೆ.

ಇನ್ನು ಊಟ. ಇಷ್ಟು ಊಟವನ್ನು ಒಂದೆಡೆ ಮದುವೆಮನೆಯಲ್ಲೂ ಕಂಡಿಲ್ಲ. ಸಸ್ಯಾಹಾರಿಗಳು ಟಿಕೇಟು ಮಾಡಿಸುವಾಗಲೇ ಬರೆಸಿ, ಹಡಗು ಹತ್ತಿದ ಮೊದಲ ಸಂಜೆಯೇ ಊಟದ ಮನೆಯ ಮೇಲ್ವಿಚಾರಕರನ್ನು ಕಂಡು ಮತ್ತೊಮ್ಮೆ ಹೇಳಬೇಕು. ನಾವು ಕಂಡ ಹಡಗುಗಳಲ್ಲಿ ಅನ್ನ, ಬೇಳೆಯ ಸಾರು, ಒಂದು ಪಲ್ಯ ಸಿಗದ ದಿನವಿರಲಿಲ್ಲ. ಮೊಸರು ಬೆಳಗಿನ ತಿಂಡಿಯ ಕಡೆ ಇರುತ್ತದೆ. ಅನ್ನ, ಮೊಸರು, ಮನೆಯಿಂದ ತಂದ ಒಂದು ಸಣ್ಣ ಶೀಸೆ ಉಪ್ಪಿನಕಾಯಿ, ಇಷ್ಟಿದ್ದರೆ ಕನ್ನಡಿಗ ಧ್ರುವಪ್ರದೇಶಕ್ಕೂ ಹೋಗಿ ಬರಬಹುದು. ಆದರೆ ನಮ್ಮ ಜನ ತಟ್ಟೆಯ ತುಂಬ ಹಾಕಿಕೊಂಡು ಅರ್ಧ ಬಿಟ್ಟೇಳುವುದನ್ನು ನೋಡಿದಾಗ ನಾಚಿಕೆಯಾಗುತ್ತದೆ. ದುಡ್ಡು ಕೊಟ್ಟಿದ್ದೇವಲ್ಲ ಎನ್ನುತ್ತಾರೆ. ಅನ್ನಕ್ಕೆ ದುಡ್ಡು ಕೊಟ್ಟರೆ ಅದು ಅನ್ನವಲ್ಲದೆ ಹೋಗುತ್ತದೆಯೆ? ಊಟದ ಮನೆಯ ಬಾಗಿಲಲ್ಲಿ ಕೈಗೆ ದ್ರವ ಸಿಂಪಡಿಸುತ್ತಾರೆ; ಅದನ್ನು ನಂಬಿ ಕೂರದೆ ಸಾಬೂನು ನೀರಿನಲ್ಲಿ ಕೈ ತೊಳೆಯಿರಿ. ಹಡಗಿನಲ್ಲಿ ಹಬ್ಬುವ ವಾಂತಿಭೇದಿಯ ಜಂತು ಆ ದ್ರವಕ್ಕೆ ಸುಲಭವಾಗಿ ಸಾಯುವಂಥದಲ್ಲ.

ಇಷ್ಟು ಹೇಳಿದ ಮೇಲೆ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ. ವಿಹಾರದ ಹಡಗಿನ ದೊಡ್ಡ ಅಪಾಯವೆಂದರೆ ಅದರ ಸುಖವೇ. ಹಾಸಿಗೆ, ಊಟ, ನಾಟಕ, ಈಜುಕೊಳ ಎಲ್ಲವೂ ಕಾಲಬುಡದಲ್ಲಿದ್ದು, ತಾನು ಪ್ರಯಾಣದಲ್ಲಿದ್ದೇನೆ ಎಂಬುದೇ ಮನುಷ್ಯನಿಗೆ ಮರೆತುಹೋಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಮೂರು ಸಲ ಚೀಲ ಮುಟ್ಟಿ ನೋಡುವವರು ಹಡಗಿನಲ್ಲಿ ಪಾಸ್‌ಪೋರ್ಟು ಎಲ್ಲಿಟ್ಟಿದ್ದೇವೆಂದು ನಾಲ್ಕು ದಿನ ನೆನೆಯುವುದಿಲ್ಲ. ನಮ್ಮ ಮೂವರಲ್ಲಿ ಇದನ್ನು ಮರೆಯದಿದ್ದವರು ಅಮ್ಮ ಒಬ್ಬರೇ.

ಅಮ್ಮನೆಂದರೆ ನಮ್ಮಲ್ಲೊಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಕರೆಯುವುದು ಇಬ್ಬರೂ ಅಮ್ಮನೆಂದೇ. ಅಂಕೋಲೆಯ ಕಡೆಯವರು. ಮದುವೆಯಾದ ಹೊಸತರಲ್ಲಿ, 1950ರ ದಶಕದಲ್ಲಿ, ಕಾರವಾರದಿಂದ ಆಗಬೋಟು ಹತ್ತಿ ಮುಂಬಯಿಗೆ ಸಂಸಾರ ಹೂಡಲು ಬಂದವರು. ಆಗ ಕಾರವಾರವಿನ್ನೂ ಮುಂಬಯಿ ರಾಜ್ಯದ್ದು. ಕೊಂಕಣ ರೈಲು ಯಾರ ಕನಸಿನಲ್ಲೂ ಇರಲಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆತನಗಳು ಮುಂಬಯಿಗೆ ಬಂದದ್ದು ಹೀಗೆ, ಡೆಕ್ಕಿನ ಮೇಲೆ ಚಾಪೆ ಹಾಸಿ, ಅವಲಕ್ಕಿಯ ಗಂಟು ತಲೆದಿಂಬು ಮಾಡಿಕೊಂಡು. ಹಡಗು ದಡಕ್ಕೆ ಬರುತ್ತಿರಲಿಲ್ಲವಂತೆ. ದೋಣಿಯಲ್ಲಿ ಹೋಗಿ, ಅಲೆ ಎತ್ತಿದ ಕ್ಷಣ ನೋಡಿ, ಖಲಾಸಿಯ ಕೈಹಿಡಿದು ಏಣಿಗೆ ಕಾಲಿಡಬೇಕು. ಮಳೆಗಾಲದಲ್ಲಿ ಆಗಬೋಟು ಬಂದ್. ಅಮ್ಮ ಆ ಪ್ರಯಾಣದಲ್ಲಿ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ, ತಮ್ಮ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ. ಮುಂಬಯಿಯ ದೀಪಗಳು ಕಂಡಾಗ ಸಂತೋಷವಾಯಿತೆ ಎಂದು ಕೇಳಿದರೆ, "ಚಾ ಎಲ್ಲಿ ಸಿಗ್ತದೆ ಅಂತ ನೋಡ್ತಿದ್ದೆ" ಎನ್ನುತ್ತಾರೆ.

ಅವರನ್ನು ಮತ್ತೊಮ್ಮೆ ಹಡಗು ಹತ್ತಿಸಬೇಕೆಂಬುದು ನಮ್ಮ ಆಸೆ, ಅವರದಲ್ಲ. ಸಿಂಗಪುರದ ಮರೀನಾ ಬೇ ದಕ್ಕೆಯಲ್ಲಿ ಎಂಟು ಹತ್ತು ಅಂತಸ್ತು ಎತ್ತರಕ್ಕೆ ನಿಂತಿದ್ದ ಹಡಗನ್ನು ತಲೆಯೆತ್ತಿ ನೋಡಿ, "ಇದು ತೇಲೂದು ಹೌದಾ?" ಎಂದು ಕೇಳಿದರು. ದೊಡ್ಡ ಪೆಟ್ಟಿಗೆಗಳನ್ನು ದಕ್ಕೆಯಲ್ಲೇ ಹಡಗಿನವರಿಗೆ ಒಪ್ಪಿಸುವುದು ಪದ್ಧತಿ. ಅವು ಕೋಣೆಗೆ ಬಂದು ತಲುಪುವಾಗ ಸಂಜೆಯಾಗುತ್ತದೆ. ನಾವು ಎಲ್ಲವನ್ನೂ ಒಪ್ಪಿಸಿ ಕೈಬೀಸಿಕೊಂಡು ನಡೆದೆವು. ಅಮ್ಮ ಮಾತ್ರ ಒಂದು ಬಟ್ಟೆಯ ಚೀಲವನ್ನು ಯಾರು ಕೇಳಿದರೂ ಕೊಡಲಿಲ್ಲ. ನಮ್ಮಲ್ಲೊಬ್ಬರು ಸ್ವಲ್ಪ ಸಿಡುಕಿದ್ದೂ ಉಂಟು. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ನಮ್ಮಿಬ್ಬರ ರಕ್ತದೊತ್ತಡದ ಗುಳಿಗೆಗಳು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಹಡಗಿನ ಹೊಟ್ಟೆಯಲ್ಲಿ. ಅಮ್ಮನ ಸಕ್ಕರೆ ಕಾಯಿಲೆಯ ಗುಳಿಗೆ ಅಮ್ಮನ ಚೀಲದಲ್ಲಿ. ಔಷಧ, ಕಾಗದಪತ್ರ, ಒಂದು ಜೊತೆ ಬಟ್ಟೆ ಯಾವಾಗಲೂ ಕೈಚೀಲದಲ್ಲಿರಬೇಕೆಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇವೆ, ನಾವೇ ಕಂಡುಹಿಡಿದವರ ಹಾಗೆ.

ಮೂರನೆಯ ದಿನ ಹಡಗು ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ಪಾಟೋಂಗ್ ಎಂಬಲ್ಲಿ ನಿಂತಿತು. ನಿಂತಿತೆಂದರೆ ದಕ್ಕೆಗೆ ಹತ್ತಲಿಲ್ಲ. ಕೊಲ್ಲಿಯಲ್ಲಿ ಲಂಗರು ಹಾಕಿತು. ಅಲ್ಲಿಂದ ಸಣ್ಣ ಬೋಟುಗಳಲ್ಲಿ ದಡಕ್ಕೆ ಹೋಗಬೇಕು. ಅಮ್ಮ ಬೋಟನ್ನು ಒಮ್ಮೆ ನೋಡಿ, "ಒಂದ್ಸಲ ಹೀಗೆ ಹತ್ತಿ ಇಳಿದದ್ದು ಸಾಕು, ನೀವು ಹೋಗಿ ಬನ್ನಿ" ಎಂದುಬಿಟ್ಟರು. ಅವರಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಲು ಅನುಕೂಲವಾಗಲೆಂದು, ನಮ್ಮಲ್ಲೊಬ್ಬರು ಕೈಗಡಿಯಾರವನ್ನು ಬಿಚ್ಚಿ ಅವರ ಕೈಗೆ ಕಟ್ಟಿ, "ನಮಗೆ ಮೊಬೈಲು ಇದೆಯಲ್ಲ" ಎಂದು ಹೊರಟೆವು. ಪಾಸ್‌ಪೋರ್ಟುಗಳು ಕೋಣೆಯ ತಿಜೋರಿಯಲ್ಲಿದ್ದವು.

ವಾಟ್ ಚಾಲೋಂಗ್ ಎಂಬ ಬೌದ್ಧ ದೇವಾಲಯವನ್ನು ನೋಡಿಕೊಂಡು, ಹಡಗಿನವರ ಬಸ್ಸಿನಲ್ಲಿ ದುಡ್ಡು ಹೆಚ್ಚೆಂದು ಬಾಡಿಗೆಯ ಗಾಡಿಯಲ್ಲಿ ಪಾಟೋಂಗಿಗೆ ಮರಳಿದೆವು. ಕೊನೆಯ ಬೋಟು ಸಂಜೆ 5 ಗಂಟೆಗೆ. ಮೊಬೈಲಿನಲ್ಲಿ 3.50. ಇನ್ನೂ ಒಂದು ಗಂಟೆಗೂ ಮೇಲೆ ಹೊತ್ತಿದೆಯೆಂದು ಮರಳಿನ ಮೇಲೆ ಕುಳಿತು ಎರಡು ಎಳನೀರು ಕೊಚ್ಚಿಸಿದೆವು. ಸಮುದ್ರದ ಆಚೆ ನಮ್ಮ ಹಡಗು ಬೆಳ್ಳಗೆ ನಿಂತಿತ್ತು. ಅಷ್ಟರಲ್ಲಿ ಕೊರಳಲ್ಲಿ ನಮ್ಮ ಹಡಗಿನದೇ ಕಾರ್ಡು ತೂಗುಹಾಕಿಕೊಂಡಿದ್ದ ಚೆನ್ನೈ ಕಡೆಯ ಒಂದು ಕುಟುಂಬ, ಗಂಡ, ಹೆಂಡತಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಒಬ್ಬ ಹುಡುಗಿ, ನಮ್ಮೆದುರು ಓಡಿಹೋಯಿತು. ಹುಡುಗಿ ತಿರುಗಿ ನೋಡಿ, "ಅಂಕಲ್, ಲಾಸ್ಟ್ ಬೋಟ್!" ಎಂದು ಕೂಗಿದಳು.

ಸಂಗತಿಯೇನೆಂದರೆ, ಥಾಯ್ಲೆಂಡಿನ ಗಡಿಯಾರ ಸಿಂಗಪುರದ್ದಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಸಿಂಗಪುರದ ಹೊತ್ತನ್ನೇ ಇಟ್ಟುಕೊಂಡಿತ್ತು; ಹಿಂದಿನ ರಾತ್ರಿ ಕೋಣೆಗೆ ಬಂದ ಕಾಗದದಲ್ಲಿ ಅದನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿಯೂ ಇದ್ದರು. ನಮ್ಮ ಬುದ್ಧಿವಂತ ಮೊಬೈಲು ದಡಕ್ಕೆ ಕಾಲಿಟ್ಟೊಡನೆ ಯಾರನ್ನೂ ಕೇಳದೆ ತನ್ನನ್ನು ತಾನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡಿತ್ತು. ನಾವು ಎಳನೀರು ಕುಡಿಯುತ್ತಿದ್ದಾಗ ಹಡಗಿನಲ್ಲಿ 4.50.

ಅರುವತ್ತು ದಾಟಿದವರು ಮರಳಿನಲ್ಲಿ ಓಡುವುದನ್ನು ವರ್ಣಿಸುವ ಅಗತ್ಯವಿಲ್ಲ. ನಮ್ಮಲ್ಲೊಬ್ಬರ ಒಂದು ಚಪ್ಪಲಿ ಇಂದಿಗೂ ಪಾಟೋಂಗಿನಲ್ಲಿದೆ. ನೀರಿನ ಮೇಲೆ ತೇಲುವ ಕಾಲುಸೇತುವೆಯ ತುದಿಯಲ್ಲಿ ಬೋಟಿನ ಒಂದು ಹಗ್ಗವನ್ನು ಆಗಲೇ ಬಿಚ್ಚಿದ್ದರು. ಹಡಗಿನ ಸಮವಸ್ತ್ರದ ಒಬ್ಬ ಫಿಲಿಪಿನೋ ಹುಡುಗ ನಮ್ಮನ್ನು ಕಂಡು ಕೈಯೆತ್ತಿ ಬೋಟನ್ನು ನಿಲ್ಲಿಸಿದ, ಇಬ್ಬರನ್ನೂ ತೋಳು ಹಿಡಿದು ಒಳಗೆ ಎಳೆದುಕೊಂಡ. ಬೋಟಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ: ಎಂಬತ್ತು ದಾಟಿದ ಮುದುಕಿ, ಇಂಗ್ಲಿಷು ಬಾರದು, ಸಕ್ಕರೆ ಕಾಯಿಲೆ, ಕೈಯಲ್ಲಿ ಮೂರು ಜನರ ಕೋಣೆ, ಹಡಗು ಹೊರಟುಬಿಟ್ಟಿದ್ದರೆ?

ಹಡಗಿನಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಅಮ್ಮ ಮೇಲಿನ ಡೆಕ್ಕಿನ ಕಟಕಟೆಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತು, ದಡದಿಂದ ಬರುವ ಒಂದೊಂದು ಬೋಟನ್ನೂ, ಅದರಿಂದ ಇಳಿಯುವ ತಲೆಗಳನ್ನೂ ಎಣಿಸುತ್ತಿದ್ದರು. ಕೈಯ ಗಡಿಯಾರ ಅವರಿಗೆ ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು. ನಾಲ್ಕೂವರೆಯಾಯಿತು, ಮುಕ್ಕಾಲಾಯಿತು. ಚಾ ಕೊಡಲು ಬರುತ್ತಿದ್ದ ಹುಡುಗ ಕುಂದಾಪುರದವನೆಂದು ಅವರು ಎರಡನೆಯ ದಿನವೇ ಪತ್ತೆಹಚ್ಚಿದ್ದರು. ಅವನನ್ನು ಕರೆದು, "ನಮ್ಮ ಮಕ್ಕಳು ಇನ್ನೂ ಬರ್ಲಿಲ್ಲ ಮಗಾ" ಎಂದರು. ಅವನು ಸಮಾಧಾನ ಹೇಳಿದ: "ಹೆದ್ರಬೇಡಿ ಅಮ್ಮ, ಇನ್ನೊಂದ್ ಬೋಟ್ ಇತ್ತ್." ಕುಂದಾಪುರದ ಮಾತಿನಲ್ಲಿ ‘ಇತ್ತ್’ ಎಂದರೆ ಇದೆ ಎಂದರ್ಥ. ಗಾಬರಿಯಲ್ಲಿದ್ದ ಅಮ್ಮನಿಗೆ ಕೇಳಿಸಿದ್ದು, ಇನ್ನೊಂದು ಬೋಟು ಇತ್ತು, ಈಗ ಇಲ್ಲ ಎಂದು. ಅವರು ಎದ್ದು ನಿಂತುಬಿಟ್ಟರಂತೆ. ಪಾಪ, ಆ ಹುಡುಗ ತನ್ನ ಕೆಲಸ ಬಿಟ್ಟು ಕೆಳಗೆ ಬಾಗಿಲಿನವರೆಗೂ ಓಡಿಹೋಗಿ, ನಮ್ಮ ಹೆಸರು ಹೇಳಿ ವಿಚಾರಿಸಿ, ನಾವು ಬೋಟಿನಲ್ಲಿದ್ದೇವೆಂದು ತಿಳಿದುಕೊಂಡು ಮೇಲೆ ಬಂದು ಹೇಳಿದ.

ನಾವು ಮೇಲೆ ಹೋದಾಗ ಅಮ್ಮ ಬಯ್ಯುತ್ತಾರೆಂದುಕೊಂಡಿದ್ದೆವು, ಬಯ್ದಿದ್ದರೆ ಚೆನ್ನಾಗಿತ್ತು. ಗಡಿಯಾರ ಬಿಚ್ಚಿ ಕೊಟ್ಟರು. "ಗುಳಿಗೆಗೆ ನಾನು ಹಸಿವೆ ನೋಡ್ಕೊಳ್ತೇನೆ. ಇದು ನಿಮ್ಮ ಹತ್ರ ಇರ್ಲಿ" ಎಂದರು. ಆ ರಾತ್ರಿ ಅಷ್ಟೆಲ್ಲ ಬಗೆಯ ಊಟ ಇದ್ದೂ ನಮಗಿಬ್ಬರಿಗೂ ಸೇರಲಿಲ್ಲ.

ಹಾಗಾಗಿ ನಮ್ಮ ಅನುಭವದ ಮಾತಿದು. ಹಡಗಿನ ಹೊತ್ತಿಗೆ ಹೊಂದಿಸಿದ ಒಂದು ಕೈಗಡಿಯಾರ ಕೈಯಲ್ಲಿರಲಿ, ಅದನ್ನು ದಡದಲ್ಲಿ ಮುಟ್ಟಬೇಡಿ. ಕೊನೆಯ ಬೋಟಿಗೆ ಒಂದೂವರೆ ಗಂಟೆ ಮೊದಲೇ ಬಂದರಿನಲ್ಲಿರಿ. ಹಡಗಿನವರೇ ಏರ್ಪಡಿಸಿದ ಸುತ್ತಾಟದಲ್ಲಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ; ನೀವು ಸ್ವಂತವಾಗಿ ಹೋಗಿ ತಡಮಾಡಿದರೆ ಕಾಯುವುದಿಲ್ಲ. ಆದ್ದರಿಂದ ಹತ್ತಿರದ ಊರಿಗೆ ಸ್ವಂತ ಗಾಡಿ, ದೂರದ ಊರಿಗೆ ಹಡಗಿನ ಬಸ್ಸು ಎಂಬುದು ನಮ್ಮ ಲೆಕ್ಕ. ಭೂಮಧ್ಯ ಸಮುದ್ರದಲ್ಲಿ ಇದು ಬಹಳ ಮುಖ್ಯ. ಪತ್ರಿಕೆಯಲ್ಲಿ ‘ರೋಮ್’ ಎಂದು ಹಾಕಿರುತ್ತಾರೆ. ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾ ಎಂಬ ಬಂದರಿನಲ್ಲಿ, ರೋಮಿಗೆ ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ‘ಫ್ಲಾರೆನ್ಸ್’ ಎಂದರೆ ಲಿವೋರ್ನೊ. ವೆನಿಸ್ಸಿನ ನಡುವೆ ದೊಡ್ಡ ಹಡಗಿನಲ್ಲಿ ತೇಲುತ್ತ ಹೋಗುವ ಚಿತ್ರ ನೋಡಿ ಆಸೆಪಟ್ಟವರು, 2021ರ ಆಗಸ್ಟಿನಿಂದ ಇಟಲಿ ಸರಕಾರ ಅದನ್ನು ನಿಲ್ಲಿಸಿದೆಯೆಂಬುದನ್ನು ತಿಳಿದಿರಲಿ.

ಅಕಸ್ಮಾತ್ ಹಡಗು ತಪ್ಪಿದರೆ ಏನು ಮಾಡಬೇಕು? ದಿನದ ಕಾಗದದಲ್ಲಿ ಬಂದರಿನ ಏಜಂಟರ ಫೋನ್ ನಂಬರು ಅಚ್ಚಾಗಿರುತ್ತದೆ. ಹಡಗಿನಿಂದ ಇಳಿಯುವಾಗ ಅದನ್ನು ಬರೆದುಕೊಳ್ಳಿ, ಅಥವಾ ಕಾಗದವನ್ನೇ ಮಡಿಚಿ ಜೇಬಿಗೆ ಹಾಕಿ. ಹಡಗಿನವರು ತಪ್ಪಿದವರ ಕೋಣೆಯಲ್ಲಿ ಪಾಸ್‌ಪೋರ್ಟು ಹುಡುಕಿ, ಸಿಕ್ಕಿದರೆ ಆ ಏಜಂಟರ ಕೈಗೆ ಒಪ್ಪಿಸಿ ಹೋಗುವುದುಂಟು. ಅಲ್ಲಿಂದ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವು ಹೋಗಬೇಕು. ಪಾಸ್‌ಪೋರ್ಟಿನ ನಕಲು, ಒಂದಿಷ್ಟು ಹಣ, ಒಂದು ದಿನದ ಔಷಧ ಮೈಮೇಲೆ ಇರಲೇಬೇಕು. ಸಮುದ್ರದ ಮೇಲಿದ್ದಾಗ ಮೊಬೈಲನ್ನು ವಿಮಾನದಲ್ಲಿ ಇಡುವ ಹಾಗೆಯೇ ಮುಚ್ಚಿಡಿ. ಹಡಗಿನ ಗೋಪುರದ ಸಂಪರ್ಕಕ್ಕೆ ಅದು ತಾನಾಗಿ ಅಂಟಿಕೊಂಡರೆ ಬರುವ ಬಿಲ್ಲಿನಲ್ಲಿ ಇನ್ನೊಂದು ಸಲ ಗೋವೆಗೆ ಹೋಗಿಬರಬಹುದು.

ವೀಸಾದ ವಿಷಯದಲ್ಲಿ ಒಂದು ಮಾತು. ಹಡಗು ಒಂದು ದೇಶದಿಂದ ಹೊರಟು ಹೊರಗಿನ ದೇಶಗಳನ್ನು ಮುಟ್ಟಿ ಮತ್ತೆ ಅಲ್ಲಿಗೇ ಬಂದರೆ, ನೀವು ಆ ದೇಶವನ್ನು ಎರಡು ಸಲ ಪ್ರವೇಶಿಸಿದ ಹಾಗಾಯಿತು. ನಮ್ಮ ಪರಿಚಯದ ಪುಣೆಯ ಒಂದು ಕುಟುಂಬ ಇಟಲಿಯಿಂದ ಹೊರಟು ಮಾಂಟೆನೆಗ್ರೊದ ಕೊಟೋರ್ ನೋಡಿ ಇಟಲಿಗೇ ಮರಳುವ ಪ್ರಯಾಣಕ್ಕೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಮಾಡಿಸಿಕೊಂಡು ಹೋಗಿತ್ತು. ಟಿಕೇಟು ಮಾರಿದವರು ಈ ಮಾತೆತ್ತಿರಲಿಲ್ಲ. ದಕ್ಕೆಯಲ್ಲೇ ತಡೆದರು, ಹಡಗು ಹೋಯಿತು, ಹಣವೂ ಹೋಯಿತು. ಕ್ರೊಯೇಶಿಯಾ 2023ರ ಜನವರಿಯಿಂದ ಷೆಂಗೆನ್ನಿನ ಒಳಗೆ ಬಂದಿದೆ, ಮಾಂಟೆನೆಗ್ರೊ ಹೊರಗಿದೆ. ನಿಯಮಗಳು ಆಗಾಗ ಬದಲಾಗುತ್ತವೆ. ಹಳಬರ ಮಾತು ನಂಬಬೇಡಿ, ನಮ್ಮದನ್ನೂ ನಂಬಬೇಡಿ, ಹೊರಡುವ ಮೊದಲು ನೀವೇ ವಿಚಾರಿಸಿ.

ವಿಮೆ ಮಾಡಿಸದೆ ಹೋಗಲೇಬಾರದು. ಭೂಮಧ್ಯ ಸಮುದ್ರದಲ್ಲಿ ನಮ್ಮಲ್ಲೊಬ್ಬರಿಗೆ ಜ್ವರ ಬಂದು ಹಡಗಿನ ಡಾಕ್ಟರನ್ನು ಕಂಡೆವು. ಒಂದು ಸಲೈನು, ಎರಡು ಗುಳಿಗೆ, ಒಂದು ಗಂಟೆ ಮಲಗಿದ್ದು; ಅದರ ಬಿಲ್ಲು ನಮ್ಮ ಕೋಣೆಯ ಒಂದು ದಿನದ ಬಾಡಿಗೆಗಿಂತ ಹೆಚ್ಚು. ಬಿಲ್ಲನ್ನೂ ಡಾಕ್ಟರ ಚೀಟಿಯನ್ನೂ ಜೋಪಾನವಾಗಿ ತಂದದ್ದರಿಂದ ವಿಮೆಯವರು ಕೊಟ್ಟರು.

ಹಡಗು ಹತ್ತಿದೊಡನೆ ನಡೆಯುವ ರಕ್ಷಣೆಯ ಕವಾಯತನ್ನು ನಮ್ಮ ಜನ ಫೋಟೋ ತೆಗೆಯುವ ಸಮಯವೆಂದು ತಿಳಿದಿದ್ದಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಂಡೆಗೆ ತಾಗಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದಾಗ ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರು; 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಮಾಡಿದರಾಯಿತು ಎಂಬುದು ಆಗಿನ ನಿಯಮ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕೆಂಬುದು ಆಮೇಲೆ ಬಂತು. ಏಳು ಸಣ್ಣ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿಗೆ ಹೋಗಬೇಕು, ಯಾವ ಮೆಟ್ಟಿಲಿನಿಂದ ಎಂಬುದನ್ನು ಒಮ್ಮೆ ಕಾಲಿನಿಂದಲೇ ನಡೆದು ನೋಡಿಕೊಳ್ಳಿ. ಅಮ್ಮ ನಮ್ಮ ಜೊತೆ ಮೆಟ್ಟಿಲೆಣಿಸುತ್ತ ನಡೆದರು. ಅವರಿಗೆ 1947ರ ಜುಲೈಯಲ್ಲಿ ರೇವಸಿಗೆ ಹೋಗುತ್ತ ಮುಂಬಯಿಯ ಹತ್ತಿರ ಮುಳುಗಿದ ರಾಮದಾಸ ಬೋಟಿನ ನೆನಪು. ಮುಂಬಯಿಯ ಚಾಳಿನಲ್ಲಿ ನೆರೆಹೊರೆಯವರು ಆ ಕಥೆ ಹೇಳದ ಮಳೆಗಾಲವಿರಲಿಲ್ಲವಂತೆ.

ಸಮುದ್ರ ಒಲ್ಲೆನೆಂದರೆ ಸುಮ್ಮನಿರುವುದನ್ನೂ ಕಲಿಯಬೇಕು. 2022ರಲ್ಲಿ ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋದಾಗ ಅಲೆ ಹೆಚ್ಚಿದ್ದರಿಂದ ಬೋಟು ಇಳಿಸಲಿಲ್ಲ. ದ್ವೀಪದ ತೆಂಗಿನ ಮರಗಳು ಕಣ್ಣಿಗೆ ಕಾಣುತ್ತಿವೆ, ಕಾಲಿಡುವಂತಿಲ್ಲ. ಪ್ರಯಾಣಿಕರು ಕೌಂಟರಿನ ಮುಂದೆ ಸೇರಿ ಆ ಹುಡುಗಿಯರ ಮೇಲೆ ಕೂಗಾಡಿದ ರೀತಿ ನೋಡಿ ನಮಗೆ ತಲೆ ತಗ್ಗಿಸುವಂತಾಯಿತು. ಅಲೆಯನ್ನು ಅವರು ಎಬ್ಬಿಸಿದ್ದರೆ?

ಹಡಗಿನ ಕೆಲಸಗಾರರ ಮಾತು ಬಂದದ್ದರಿಂದ ಭಕ್ಷೀಸಿನ ವಿಷಯ. ವಿದೇಶದ ಹಡಗುಗಳಲ್ಲಿ ತಲೆಗೆ, ದಿನಕ್ಕೆ 16ರಿಂದ 20 ಡಾಲರಿನ ಆಸುಪಾಸು ತಾವೇ ಬಿಲ್ಲಿಗೆ ಸೇರಿಸುವುದುಂಟು. ಟಿಕೇಟಿನ ಬೆಲೆ ನೋಡುವಾಗ ಇದನ್ನೂ ಕೂಡಿಸಿ ನೋಡಿ. ಇದನ್ನು ತೆಗೆಸಿಹಾಕಿ ಎಂದು ಕೌಂಟರಿಗೆ ಹೋಗುವ ಜಾಣರಿದ್ದಾರೆ. ನಾವು ಹೋಗುವುದಿಲ್ಲ. ಕುಂದಾಪುರದ ಆ ಹುಡುಗ ಎಂಟು ತಿಂಗಳ ಕರಾರಿನ ಮೇಲೆ ಬಂದಿದ್ದ. ಅಷ್ಟು ತಿಂಗಳಲ್ಲಿ ವಾರದ ರಜೆ ಎಂಬುದಿಲ್ಲ. ಮಗಳು ಹುಟ್ಟಿದ್ದನ್ನು ಮೊಬೈಲಿನಲ್ಲಿ ನೋಡಿದವನು. ಅಮ್ಮ ತಮ್ಮ ಚೀಲದಿಂದ ಎರಡು ಎಳ್ಳುಂಡೆ ತೆಗೆದು ಅವನ ಕೈಗಿಟ್ಟಾಗ ಅವನು ಆ ಕಡೆ ತಿರುಗಿಕೊಂಡ. ದಡ ಬಿಟ್ಟು ಬಂದು ಬದುಕುವುದು ಎಂದರೆ ಏನೆಂದು ನಮ್ಮ ಸಂಘದ ಮನೆಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ರಾತ್ರಿಯ ವಿಷಯ ಹೇಳಿ ಮುಗಿಸುತ್ತೇವೆ. ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗಿಡಬೇಕು; ಅವರು ರಾತ್ರೋರಾತ್ರಿ ಒಯ್ದು, ಬೆಳಿಗ್ಗೆ ದಕ್ಕೆಯಲ್ಲಿ ಸಾಲಾಗಿ ಇಟ್ಟಿರುತ್ತಾರೆ. ನಮ್ಮಲ್ಲೊಬ್ಬರು ಬಹಳ ಶಿಸ್ತಿನವರು. ರಾತ್ರಿ ಹತ್ತಕ್ಕೇ ಎಲ್ಲವನ್ನೂ ಮಡಿಚಿ, ತುಂಬಿ, ಬೀಗ ಹಾಕಿ, ಹೊರಗಿಟ್ಟು, ಕೈಕೊಡವಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಪ್ರಪಂಚದಲ್ಲಿ ಅವರ ಪಾಲಿಗೆ ಉಳಿದಿದ್ದದ್ದು ಮೈಮೇಲಿನ ಪಟ್ಟೆಪಟ್ಟೆಯ ಪಾಯಿಜಾಮ, ಒಂದು ಬನಿಯನ್ನು. ಕೆಳಗೆ ಸಿಂಗಪುರ ಕಾಯುತ್ತಿದೆ. ಇನ್ನೊಬ್ಬರು ನಗು ತಡೆಯಲಾರದೆ ಸ್ನಾನದ ಮನೆಗೆ ಹೋದರು. ಹೋದ ಮೇಲೆ ತಮ್ಮ ಸ್ಥಿತಿಯೂ ಅಷ್ಟೇ ಎಂಬುದು ನೆನಪಾಯಿತು.

ಅಮ್ಮ ಆಗಲೇ ಸೀರೆ ಉಟ್ಟು, ತಲೆ ಬಾಚಿ ಕುಳಿತಿದ್ದರು. ಏನೂ ಮಾತಾಡದೆ ತಮ್ಮ ಬಟ್ಟೆಯ ಚೀಲದ ಬಾಯಿ ಬಿಚ್ಚಿದರು. ಮೊದಲು ಒಂದು ಪ್ಯಾಂಟು, ಒಂದು ಅಂಗಿ ಬಂದವು. ಆಮೇಲೆ ಮಡಿಕೆ ಕೆಡದ ಒಂದು ಸೀರೆ. ರಾತ್ರಿ ನಾವು ಪೆಟ್ಟಿಗೆ ತುಂಬುತ್ತಿದ್ದಾಗ ಮೇಲಿನಿಂದ ತೆಗೆದು ಇಟ್ಟುಕೊಂಡಿದ್ದರಂತೆ.

"ಬೇಗ ಮಾಡ್ಕೊಳ್ಳಿ" ಎಂದರು. "ಇಳಿದ ಕೂಡ್ಲೆ ಚಾ ಎಲ್ಲಿ ಸಿಗ್ತದೆ ನೋಡ್ಬೇಕು."